ಕ್ಯಾಲ್ಗರಿಯ ಹಿತ್ತಲಲ್ಲಿ ಬೀಟ್‌ರೂಟ್: ಬಿತ್ತನೆಯಿಂದ ಮರಳಿನ ಪೆಟ್ಟಿಗೆಯವರೆಗೆ

ಕೆನಡಾದ ಆಲ್ಬರ್ಟಾಕ್ಕೆ ಬಂದು ಮನೆ ಮಾಡಿದ ನಮ್ಮವರು ಹಿತ್ತಲಲ್ಲಿ ಮೊದಲು ಹಾಕುವುದು ಟೊಮೆಟೊ, ಹಸಿಮೆಣಸಿನಕಾಯಿ, ಹೀರೆಕಾಯಿ. ಆಸೆ ಸಹಜ. ಆದರೆ ಟೊಮೆಟೊ ಇನ್ನೂ ಹಸಿರಾಗಿರುವಾಗಲೇ ಸೆಪ್ಟೆಂಬರ್ ಬಂದುಬಿಡುತ್ತದೆ, ಹೀರೆ ಬಳ್ಳಿ ಹೂ ಬಿಟ್ಟು ನಿಲ್ಲುತ್ತದೆ. ಬೀಟ್‌ರೂಟ್ ಹಾಕಿ ಅಂದರೆ "ಅದು ಅಂಗಡಿಯಲ್ಲೇ ಸಿಗುತ್ತಲ್ಲ" ಅನ್ನುತ್ತಾರೆ. ಗಡ್ಡೆ ಸಿಗುತ್ತದೆ, ನಿಜ. ಎಳೆ ಸೊಪ್ಪಿನ ಸಮೇತ, ಕಿತ್ತ ದಿನವೇ ಪಲ್ಯ ಮಾಡುವಂಥದ್ದು ಎಲ್ಲಿ ಸಿಗುತ್ತದೆ?

ಇಲ್ಲಿನ ಚಳಿಗೆ ಇದು ಬರುತ್ತದಾ ಎಂಬ ಅನುಮಾನ ಬೇಡ. ದಕ್ಷಿಣ ಆಲ್ಬರ್ಟಾದ ರೇಮಂಡ್‌ನಲ್ಲಿ 1903ರಲ್ಲೇ ಬೀಟ್ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ಟೇಬರ್ ಊರಿನ ಕಾರ್ಖಾನೆ 1950ರಿಂದ ನಡೆಯುತ್ತಿದೆ. ಸಕ್ಕರೆ ಬೀಟೂ ನಮ್ಮ ಕೆಂಪು ಬೀಟ್‌ರೂಟೂ ಒಂದೇ ಜಾತಿಯ ಗಿಡ. ಎಡ್ಮಂಟನ್ ಸುತ್ತ ನೆಲೆಸಿದ ಉಕ್ರೇನಿಯನ್ ಮನೆಗಳಲ್ಲಂತೂ ಬೋರ್ಷ್ಟ್ ಸಾರಿಗೆ ಇದಿಲ್ಲದೆ ಆಗುವುದೇ ಇಲ್ಲ.

ಬೀಟ್‌ರೂಟ್ ಚಳಿ ತಡೆಯುತ್ತದೆ. ಇಕ್ಕಟ್ಟು ಮಾತ್ರ ತಡೆಯುವುದಿಲ್ಲ. "ಸೊಪ್ಪು ಚೆನ್ನಾಗಿ ಬಂತು, ಗಡ್ಡೆಯೇ ಕಟ್ಟಲಿಲ್ಲ" ಎಂದು ದೂರುವವರ ಮಡಿಯನ್ನು ಹೋಗಿ ನೋಡಿದರೆ ಹತ್ತರಲ್ಲಿ ಎಂಟು ಕಡೆ ಸಸಿಗಳು ಒಂದರ ಮೇಲೊಂದು ನಿಂತಿರುತ್ತವೆ. ಆ ಹಂತ ಬಂದಾಗ ನಿಧಾನವಾಗಿ ಹೇಳುತ್ತೇನೆ.

ಮೊದಲು ಕ್ಯಾಲೆಂಡರ್

ಕ್ಯಾಲ್ಗರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿದೆ. ಹಗಲು ಬಿಸಿಲಿದ್ದರೂ ರಾತ್ರಿ ತಣ್ಣಗೆ. ಕೊನೆಯ ಫ್ರಾಸ್ಟ್ (ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಇಬ್ಬನಿ ಹೆಪ್ಪುಗಟ್ಟುವುದು) ಸಾಮಾನ್ಯವಾಗಿ ಮೇ ಮೂರನೇ ನಾಲ್ಕನೇ ವಾರ, ಮೊದಲ ಫ್ರಾಸ್ಟ್ ಸೆಪ್ಟೆಂಬರ್ ಮಧ್ಯ. ನಡುವೆ ಸಿಗುವುದು ಸರಾಸರಿ 110ರಿಂದ 120 ದಿನ. ಇದು ಸರಾಸರಿ ಅಷ್ಟೇ. 2014ರಲ್ಲಿ ಸೆಪ್ಟೆಂಬರ್ ಎರಡನೇ ವಾರವೇ ಹಿಮ ಬಿದ್ದು, ಎಲೆ ತುಂಬಿದ್ದ ಮರಗಳ ಕೊಂಬೆಗಳು ಊರ ತುಂಬ ಮುರಿದು ಬಿದ್ದಿದ್ದವು.

ಆದರೆ ಜೂನ್‌ನಲ್ಲಿ ಹದಿನಾರು ಗಂಟೆಗೂ ಜಾಸ್ತಿ ಹಗಲು ಇರುತ್ತದೆ. ಕಡಿಮೆ ದಿನ, ಉದ್ದ ಹಗಲು: ಬೀಟ್‌ರೂಟ್‌ಗೆ ಇದು ಸಾಕು. 15ರಿಂದ 20 ಡಿಗ್ರಿ ಅದಕ್ಕೆ ಇಷ್ಟವಾದ ಹವೆ.

ಇಲ್ಲಿ ಮೇ ತಿಂಗಳ ವಿಕ್ಟೋರಿಯಾ ಡೇ ರಜೆಗೆ ಎಲ್ಲರೂ ತೋಟಕ್ಕೆ ಇಳಿಯುತ್ತಾರೆ. ಟೊಮೆಟೊಗೆ ಆ ಲೆಕ್ಕ ಸರಿ. ಬೀಟ್‌ರೂಟ್‌ಗೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಎಳೆ ಸಸಿ ಮೈನಸ್ 2 ಡಿಗ್ರಿಯ ಹಗುರ ಫ್ರಾಸ್ಟ್ ತಡೆದುಕೊಳ್ಳುತ್ತದೆ. ಹಾಗಾಗಿ ಕೊನೆಯ ಫ್ರಾಸ್ಟ್‌ಗೆ ಎರಡು ಮೂರು ವಾರ ಮುಂಚೆ, ಅಂದರೆ ಮೇ ಮೊದಲ ವಾರದಲ್ಲಿ ಮೊದಲ ಬಿತ್ತನೆ ಮಾಡಬಹುದು.

ದಿನಾಂಕಕ್ಕಿಂತ ಮಣ್ಣಿನ ಬಿಸಿ ನೋಡಿ ಬಿತ್ತುವುದು ಇನ್ನೂ ಒಳ್ಳೆಯದು. ಅಡುಗೆಮನೆಯ ಥರ್ಮಾಮೀಟರ್ ಸಾಕು. ಬೆಳಗ್ಗೆ ಎದ್ದು ಐದು ಸೆಂಟಿಮೀಟರ್ ಆಳಕ್ಕೆ ಚುಚ್ಚಿ ನೋಡಿ. 5 ಡಿಗ್ರಿಯಲ್ಲಿ ಬೀಜ ಮೊಳೆಯಲು ಸುಮಾರು ಆರು ವಾರ ತೆಗೆದುಕೊಳ್ಳುತ್ತದೆ. 10 ಡಿಗ್ರಿಯಲ್ಲಿ ಎರಡೂವರೆ ವಾರ, 15ರಲ್ಲಿ ಹತ್ತು ದಿನ, 20ರಲ್ಲಿ ಒಂದು ವಾರದೊಳಗೆ. ಏಪ್ರಿಲ್‌ನಲ್ಲಿ ಆತುರಪಟ್ಟು ಹಾಕಿದ ಬೀಜವೂ ಮೇ ತಿಂಗಳಲ್ಲಿ ಹಾಕಿದ್ದೂ ಕೊನೆಗೆ ಒಟ್ಟಿಗೇ ತಲೆ ಎತ್ತುತ್ತವೆ. ನಡುವೆ ತಣ್ಣನೆ ಕೆಸರಿನಲ್ಲಿ ಒಂದಿಷ್ಟು ಬೀಜ ಕೊಳೆತಿರುತ್ತದೆ. 10 ಡಿಗ್ರಿ ಮುಟ್ಟಿದ ಮೇಲೆ ಬಿತ್ತಿ.

ಬೇಗ ಬಿಸಿ ಬರಬೇಕೆಂದರೆ ಬಿತ್ತನೆಗೆ ಎರಡು ವಾರ ಮೊದಲು ಮಡಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎಳೆದು ಅಂಚಿಗೆ ಕಲ್ಲು ಇಡಿ. ಮರದ ಚೌಕಟ್ಟಿನ ರೈಸ್ಡ್ ಬೆಡ್ ಇದ್ದರೆ ಅದು ನೆಲಕ್ಕಿಂತ ಬೇಗ ಕಾಯುತ್ತದೆ.

ಯಾವ ತಳಿ

ಬೀಜದ ಪ್ಯಾಕೆಟ್ ಮೇಲೆ 50 ದಿನ, 60 ದಿನ ಎಂದು ಬರೆದಿರುತ್ತದೆ. ಇಲ್ಲಿನ ತಣ್ಣನೆ ರಾತ್ರಿಗಳಿಗೆ ಅದಕ್ಕೆ ಎರಡು ವಾರ ಸೇರಿಸಿಕೊಳ್ಳಿ. 60 ದಿನದೊಳಗಿನ ತಳಿ ಆದರೆ ನಿಶ್ಚಿಂತೆ.

ಮೊದಲ ಬಿತ್ತನೆಗೆ ಅರ್ಲಿ ವಂಡರ್ ನನ್ನ ಆಯ್ಕೆ. ತಣ್ಣನೆ ಮಣ್ಣಲ್ಲೂ ಮೊಳೆಯುತ್ತದೆ, ಸೊಪ್ಪೂ ಧಾರಾಳ. ಡೆಟ್ರಾಯ್ಟ್ ಡಾರ್ಕ್ ರೆಡ್ ನೂರು ವರ್ಷಕ್ಕೂ ಹಳೆಯ ತಳಿ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಶೇಖರಣೆಗೂ ಸರಿ. ರೆಡ್ ಏಸ್ ಹೈಬ್ರಿಡ್, ಗಡ್ಡೆಗಳೆಲ್ಲ ಒಂದೇ ಸಮ ಬರುತ್ತವೆ. ಸಿಲಿಂಡ್ರಾ ಉದ್ದನೆಯದು, ಬಿಲ್ಲೆ ಹೆಚ್ಚಲು ಚೆಂದ. ಆದರೆ ಜೇಡಿಮಣ್ಣನ್ನು ಆಳವಾಗಿ ಸಡಿಲ ಮಾಡಿರದಿದ್ದರೆ ಅದರ ಗೋಜಿಗೆ ಹೋಗಬೇಡಿ. ಕೊಯ್ದರೆ ಬಿಳಿ ಕೆಂಪು ಬಳೆಗಳು ಕಾಣುವ ಇಟಲಿಯ ಕಿಯೋಜಾ ನೋಡಲು ಸುಂದರ, ಬೇಯಿಸಿದರೆ ಬಳೆ ಮಾಸಿಹೋಗುತ್ತದೆ. ಅದು ಹಸಿ ಕೋಸಂಬರಿಗೆ. ಹಳದಿ ತಳಿಗಳು ಮೊಳೆಯುವುದರಲ್ಲಿ ಸ್ವಲ್ಪ ಸೋಮಾರಿ, ಬೀಜ ಒತ್ತಾಗಿ ಹಾಕಬೇಕು.

ಊರಿಂದ ಬೀಜ ತರುವ ಯೋಚನೆ ಬೇಡ. ಬೀಜ ತಂದರೆ ಗಡಿಯಲ್ಲಿ ಘೋಷಿಸಬೇಕು, ನಿಯಮಗಳೂ ಬಿಗಿ. ಅದಕ್ಕಿಂತ ಹೆಚ್ಚಾಗಿ, ಇಲ್ಲಿನ ಹವೆಗೆ ಆರಿಸಿದ ಬೀಜ ಇಲ್ಲೇ ನಾಲ್ಕೈದು ಡಾಲರ್‌ಗೆ ಸಿಗುತ್ತದೆ.

ಮಣ್ಣು

ಕ್ಯಾಲ್ಗರಿಯ ಹೊಸ ಬಡಾವಣೆಗಳಲ್ಲಿ ಹುಲ್ಲಿನ ಕೆಳಗೆ ಒಂದು ತೆಳು ಪದರ ಕಪ್ಪು ಮಣ್ಣು, ಅದರ ಕೆಳಗೆ ಗಟ್ಟಿ ಜೇಡಿ. ಒಣಗಿದರೆ ಬಿರುಕು, ನೆನೆದರೆ ಅಂಟು. ಹಿಡಿ ಮಣ್ಣು ತೆಗೆದು ಅದುಮಿ ನೋಡಿ. ಉಂಡೆಯಾಗಿ, ಬೆರಳಿಂದ ತಟ್ಟಿದರೆ ಪುಡಿಯಾದರೆ ಕೆಲಸಕ್ಕೆ ಹದ ಬಂದಿದೆ. ಅಂಟಿಕೊಂಡೇ ಇದ್ದರೆ ಇನ್ನೆರಡು ದಿನ ಕಾಯಿರಿ. ಒದ್ದೆ ಜೇಡಿಯನ್ನು ಅಗೆದರೆ ಒಣಗಿದ ಮೇಲೆ ಹೆಂಟೆಯಾಗಿ ಆ ವರ್ಷವಿಡೀ ಹಾಗೇ ಇರುತ್ತದೆ.

ಹದ ಬಂದಾಗ 20 ಸೆಂಟಿಮೀಟರ್ ಆಳಕ್ಕೆ ಸಡಿಲ ಮಾಡಿ, ಮೇಲೆ ಐದು ಸೆಂಟಿಮೀಟರ್ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಬೆರೆಸಿ. ಕಲ್ಲು, ಬೇರಿನ ಚೂರು ಆರಿಸಿ ತೆಗೆಯಿರಿ. ಹಸಿ ಸಗಣಿ ಗೊಬ್ಬರ ಬೇಡವೇ ಬೇಡ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ ಬೆಳೆದು ಗಡ್ಡೆ ಬೆರಳಿನಷ್ಟೇ ಉಳಿಯುತ್ತದೆ. ಹುಲ್ಲುಹಾಸಿಗೆ ಹಾಕುವ ರಸಗೊಬ್ಬರವನ್ನು ಮಡಿಗೂ ಎರಚಿದರೆ ಆಗುವುದೂ ಇದೇ.

ನಮ್ಮ ಕಡೆ ತರಕಾರಿ ಪಾತಿಗೆ ಒಲೆ ಬೂದಿ ಹಾಕುವ ರೂಢಿ ಇದೆ, ಅಲ್ವಾ? ಇಲ್ಲಿ ಬೇಡ. ಬೂದಿಯೂ ಸುಣ್ಣವೂ ಹುಳಿ ಮಣ್ಣಿಗೆ ಮದ್ದು. ಈ ಸೀಮೆಯ ಮಣ್ಣು ಮೊದಲೇ ಕ್ಷಾರದ ಕಡೆಗಿದೆ. ಬೀಟ್‌ರೂಟ್‌ಗೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 7.5 ಸರಿ, ಅದಕ್ಕಿಂತ ಸ್ವಲ್ಪ ಮೇಲಿದ್ದರೂ ಸಹಿಸುತ್ತದೆ. ಆದರೆ ಕ್ಷಾರ ಹೆಚ್ಚಿದಷ್ಟೂ ಗಿಡಕ್ಕೆ ಬೋರಾನ್ ಎಂಬ ಪೋಷಕಾಂಶ ಸಿಗುವುದು ಕಷ್ಟ. ಗಡ್ಡೆ ಕೊಯ್ದಾಗ ಒಳಗೆ ಕಪ್ಪು ಗಟ್ಟಿ ಕಲೆಗಳು ಕಂಡರೆ ಕಾರಣ ಹೆಚ್ಚಾಗಿ ಅದೇ. ಹಾಗಂತ ಅಂದಾಜಿನ ಮೇಲೆ ಬೋರಾನ್ ಇರುವ ಬೋರಾಕ್ಸ್ ಪುಡಿ ಸುರಿಯಬೇಡಿ. ಬೇಕಾದದ್ದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ತುಂಬ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಿದ ಮೇಲಷ್ಟೇ ಆ ಮಾತು. ವರ್ಷ ವರ್ಷ ಕಾಂಪೋಸ್ಟ್ ಹಾಕುವವರಿಗೆ ಈ ತೊಂದರೆ ಅಪರೂಪ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೀಳಬೇಕು. ಕಳೆದ ವರ್ಷ ಪಾಲಕ್ ಅಥವಾ ಸ್ವಿಸ್ ಚಾರ್ಡ್ ಇದ್ದ ಜಾಗ ಬಿಡಿ, ಎರಡೂ ಬೀಟ್‌ರೂಟ್‌ನ ಬಳಗವೇ.

ಬಿತ್ತನೆ

ಪ್ಯಾಕೆಟ್ ಒಡೆದು ಬೀಜವನ್ನು ಅಂಗೈಗೆ ಸುರಿದುಕೊಳ್ಳಿ. ಸಾಸಿವೆ, ಮೂಲಂಗಿ ಬೀಜದ ಹಾಗೆ ನುಣುಪಾಗಿರುವುದಿಲ್ಲ. ಕಂದು ಬಣ್ಣ, ಗಂಟು ಗಂಟು, ಒತ್ತಿದರೆ ಬೆಂಡಿನಂತೆ ಹಗುರ. ಇದು ಒಂದು ಬೀಜವಲ್ಲ. ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೀಜ ಒಳಗಿರುವ ಗೊಂಚಲು. ಒಂದು ಹಾಕಿದರೆ ಮೂರು ಸಸಿ ಒಂದೇ ತೂತಿನಿಂದ ಮೇಲೆ ಬರುತ್ತವೆ. ಇಕ್ಕಟ್ಟಿನ ಮೂಲ ಇಲ್ಲೇ ಇದೆ. ಮೊನೆಟಾ, ಸೋಲೊ ಮುಂತಾದ ಒಂಟಿ ಬೀಜದ ತಳಿಗಳೂ ಇವೆ, ಆದರೆ ಎಲ್ಲಾ ಕಡೆ ಸಿಗುವುದಿಲ್ಲ.

ಬೀಜವನ್ನು ಬಿತ್ತುವ ಮುನ್ನ ನಾಲ್ಕೈದು ಗಂಟೆ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ. ಹೊರಕವಚದಲ್ಲಿ ಮೊಳಕೆ ತಡೆಯುವ ಅಂಶ ಇರುತ್ತದೆ, ಅದು ತೊಳೆದುಹೋಗುತ್ತದೆ. ರಾತ್ರಿಯಿಡೀ ನೆನೆಸುವುದು ಬೇಡ, ಉಸಿರುಗಟ್ಟುತ್ತದೆ.

ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್. ಒಂದೂವರೆ ಸೆಂಟಿಮೀಟರ್ ಆಳದ ಗೆರೆ ಎಳೆದು, ಗೆರೆಗೆ ಮೊದಲು ನೀರು ಹಾಕಿ. ಐದು ಸೆಂಟಿಮೀಟರ್‌ಗೆ ಒಂದರಂತೆ ಬೀಜ ಇಡಿ. ಮೇಲೆ ಜೇಡಿಮಣ್ಣು ಮುಚ್ಚಬೇಡಿ. ಅದು ಒಣಗಿ ಹೆಪ್ಪಾದರೆ ಮೊಳಕೆ ಅಡಿಯಲ್ಲೇ ಮಡಚಿಕೊಂಡು ಸಾಯುತ್ತದೆ. ಜರಡಿ ಹಿಡಿದ ಕಾಂಪೋಸ್ಟ್ ಅಥವಾ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಹರಳು ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ.

ಆಲ್ಬರ್ಟಾದ ಮೇ ತಿಂಗಳ ಗಾಳಿ ಒಂದೇ ಮಧ್ಯಾಹ್ನದಲ್ಲಿ ಮೇಲ್ಮಣ್ಣನ್ನು ಒಣಗಿಸುತ್ತದೆ. ಮೊಳಕೆ ಒಡೆಯುವವರೆಗೆ ಆ ಎರಡು ಸೆಂಟಿಮೀಟರ್ ಒಂದು ದಿನವೂ ಒಣಗಬಾರದು. ದಿನಕ್ಕೆ ಎರಡು ಸಲ ನೀರು ಚಿಮುಕಿಸಲು ಆಗದವರು ಸಾಲಿನ ಮೇಲೆ ನೆನೆಸಿದ ಗೋಣಿತಾಟು ಹಾಸಿ. ದಿನಾ ಒಮ್ಮೆ ಎತ್ತಿ ನೋಡಲೇಬೇಕು. ಮೊದಲ ಕೆಂಪು ಕೊಕ್ಕೆ ಕಂಡ ದಿನವೇ ಗೋಣಿ ತೆಗೆಯಿರಿ.

ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ನಾಲ್ಕಡಿ ಅಗಲ, ಎಂಟಡಿ ಉದ್ದದ ಮಡಿ ಇದ್ದರೆ ಮೊದಲ ಸಾಲು ಮೇ ಆರಂಭದಲ್ಲಿ, ಎರಡನೆಯದು ಮೇ ಕೊನೆಗೆ, ಮೂರನೆಯದು ಜೂನ್ ಮಧ್ಯಕ್ಕೆ. ಮೂರೂ ಸೇರಿ ತೊಂಬತ್ತರ ಹತ್ತಿರ ಗಡ್ಡೆ. ನಾಲ್ಕನೇ ಸಾಲಿನ ಜಾಗಕ್ಕೆ ಮೆಂತ್ಯ ಸೊಪ್ಪು ಎರಚಿ. ಚಳಿಗಾಲಕ್ಕೆ ಇಡುವುದು ಜೂನ್ ಸಾಲಿನದು, ಅದು ಬಲಿತು ನಾರಾಗುವಷ್ಟು ಹೊತ್ತು ಇರುವುದಿಲ್ಲ. ಜುಲೈ ಮೊದಲ ವಾರದ ನಂತರ ಬಿತ್ತಿದರೆ ಸೊಪ್ಪಿಗಷ್ಟೇ ಸೈ.

ಒಳಗೆ ಸಸಿ ಮಾಡಿ ನೆಡಬಹುದೇ?

ಗಡ್ಡೆ ತರಕಾರಿಯ ಸಸಿ ಕಿತ್ತು ನೆಡಬಾರದು ಎನ್ನುತ್ತಾರೆ. ಕ್ಯಾರೆಟ್, ಮೂಲಂಗಿಗೆ ಅದು ಸರಿ. ಬೀಟ್‌ರೂಟ್ ಒಪ್ಪಿಕೊಳ್ಳುತ್ತದೆ. ಏಪ್ರಿಲ್ ಮಧ್ಯದಲ್ಲಿ ಟ್ರೇಯ ಪ್ರತಿ ಗುಳಿಗೆ ಎರಡು ಬೀಜ ಹಾಕಿ, ಕಿಟಕಿ ಹತ್ತಿರ ಅಥವಾ ಲೈಟಿನ ಕೆಳಗೆ ಇಡಿ. ನಾಲ್ಕು ಸಸಿ ಉಳಿಸಿಕೊಂಡು ಮಿಕ್ಕದ್ದು ಕತ್ತರಿಸಿ. ನಾಲ್ಕು ವಾರದ ನಂತರ, ಒಂದು ವಾರ ಹಗಲು ಹೊರಗಿಟ್ಟು ರೂಢಿ ಮಾಡಿಸಿ, ಗುಳಿಯ ಮಣ್ಣು ಒಡೆಯದೆ ಗುಂಪಾಗಿಯೇ ನೆಡಿ. ಗುಂಪಿನಿಂದ ಗುಂಪಿಗೆ 25ರಿಂದ 30 ಸೆಂಟಿಮೀಟರ್ ಬೇಕು. ಸುತ್ತಲೂ ಜಾಗ ಇರುವುದರಿಂದ ನಾಲ್ಕು ಗಡ್ಡೆ ಒಂದನ್ನೊಂದು ಹೊರಕ್ಕೆ ತಳ್ಳಿಕೊಂಡು ದಪ್ಪವಾಗುತ್ತವೆ. ಹೀಗೆ ಮಾಡಿದರೆ ಎರಡು ಮೂರು ವಾರದ ಸಮಯ ಉಳಿಯುತ್ತದೆ.

ಅಪಾಯ ಒಂದೇ. ಬೀಟ್‌ರೂಟ್ ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆ, ಚಳಿಗಾಲ ಕಳೆದ ಮೇಲೆ ಹೂ. ತಕ್ಕಮಟ್ಟಿಗೆ ಬೆಳೆದ ಸಸಿ ಎರಡು ಮೂರು ವಾರ ಸತತ 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ನಿಂತರೆ, ಚಳಿಗಾಲ ಮುಗಿಯಿತೆಂದು ತಿಳಿದು ಹೂಕಡ್ಡಿ ಎತ್ತುತ್ತದೆ. ಹಾಗಾದ ಗಿಡದ ಗಡ್ಡೆ ಕಟ್ಟಿಗೆ. ಕಿತ್ತು ಸೊಪ್ಪು ಬಳಸಿ. ಆದ್ದರಿಂದ ಸಸಿಗಳನ್ನು ಮೇ ಮೂರನೇ ವಾರಕ್ಕೆ ಮೊದಲು ಹೊರಗೆ ನೆಡಬೇಡಿ, ನೆಟ್ಟರೆ ಬಟ್ಟೆ ಹೊದಿಸಿ.

ತೆಳುವು ಮಾಡುವುದು

ಇದೇ ಮುಖ್ಯ ಕೆಲಸ, ಇದನ್ನೇ ಎಲ್ಲರೂ ಮುಂದೂಡುವುದು. ಕಷ್ಟಪಟ್ಟು ಮೊಳೆಸಿದ ಸಸಿ ಕೀಳಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಆದರೆ ಈ ಋತುವಿನಲ್ಲಿ ತಪ್ಪು ತಿದ್ದಿಕೊಳ್ಳಲು ಸಮಯವಿಲ್ಲ. ಬೆಂಗಳೂರಲ್ಲಾದರೆ ಇನ್ನೊಂದು ತಿಂಗಳು ಬಿಟ್ಟರೂ ಗಡ್ಡೆ ತುಂಬಿಕೊಳ್ಳುತ್ತಿತ್ತು. ಇಲ್ಲಿ ಆ ತಿಂಗಳು ಹಿಮದ್ದು.

ಸಸಿ ಐದು ಸೆಂಟಿಮೀಟರ್ ಎತ್ತರವಾಗಿ ನಿಜವಾದ ಎಲೆ ಎರಡು ಬಂದಾಗ ಮೊದಲ ಸುತ್ತು. ಸಂಜೆ ಮಾಡಿ. ಸಾಲಿನ ಪಕ್ಕ ಕೂತು ಒಂದು ಗುಂಪನ್ನು ಬೆರಳಿಂದ ಬಿಡಿಸಿ ನೋಡಿ: ಮೂರು ಕೆಂಪು ಕಾಂಡ, ಬುಡದಲ್ಲಿ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ದಪ್ಪ ಕಾಂಡದ್ದು, ಎಲೆ ಗಾಢವಾಗಿರುವುದು ಉಳಿಯಲಿ. ಮಿಕ್ಕ ಎರಡನ್ನು ಚೂಪು ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ. ಎಳೆದರೆ ಉಳಿಯಬೇಕಾದ ಬೇರೂ ಜೊತೆಗೆ ಕಿತ್ತು ಬರುತ್ತದೆ.

ಎರಡು ಮೂರು ವಾರ ಬಿಟ್ಟು, ಹದಿನೈದು ಸೆಂಟಿಮೀಟರ್ ಎತ್ತರವಾದಾಗ ಎರಡನೇ ಸುತ್ತು. ಈ ಸಲ ಸಸಿಯಿಂದ ಸಸಿಗೆ 8ರಿಂದ 10 ಸೆಂಟಿಮೀಟರ್ ಬರಲಿ. ನಾಲ್ಕು ಬೆರಳು ಅಡ್ಡ ಇಟ್ಟು ಅಳೆದರೆ ಸಾಕು. ಕತ್ತರಿಸಿದ ಎಳೆ ಸೊಪ್ಪನ್ನು ಬಿಸಾಡಬೇಡಿ. ಬೇಳೆ ಜೊತೆ ಮಸೊಪ್ಪು ಮಾಡಿದರೆ ಪಾಲಕ್‌ಗಿಂತ ರುಚಿ ಎಂಬುದು ನನ್ನ ಅಭಿಪ್ರಾಯ.

ನೀರು, ಕಳೆ, ಮುಚ್ಚಿಗೆ

ವಾರಕ್ಕೆ ಎರಡೂವರೆ ಸೆಂಟಿಮೀಟರ್ ನೀರು, ಮಳೆಯೂ ಸೇರಿ. ಕ್ಯಾಲ್ಗರಿಯಲ್ಲಿ ಜೂನ್ ಮಳೆಯ ತಿಂಗಳು, ಜುಲೈ ಆಗಸ್ಟ್‌ನಲ್ಲಿ ನೀವೇ ನೋಡಿಕೊಳ್ಳಬೇಕು. ವಾರವಿಡೀ ಒಣಗಿಸಿ ಒಂದೇ ದಿನ ಸುರಿದರೆ ಗಡ್ಡೆ ಬಿರಿಯುತ್ತದೆ, ಒಳಗೆ ಬಿಳಿ ಬಳೆ ಕಾಣುತ್ತದೆ.

ಒಣಹುಲ್ಲಿನ ಮುಚ್ಚಿಗೆ ಜೂನ್ ಕೊನೆಯ ನಂತರ. ಊರಲ್ಲಿ ಮಣ್ಣು ತಂಪಾಗಿಡಲು ಮುಚ್ಚಿಗೆ ಹಾಕುತ್ತೇವೆ. ಇಲ್ಲಿ ಮೇ ತಿಂಗಳಲ್ಲೇ ಹಾಕಿದರೆ ಬರಬೇಕಾದ ಬಿಸಿಯನ್ನೂ ತಡೆದಂತೆ. ಕಳೆಯನ್ನು ಕೈಯಿಂದಲೇ ತೆಗೆಯಿರಿ. ಕುಂಟೆ ತಾಗಿದ ಗಡ್ಡೆ ಬಾಳಿಕೆ ಬರುವುದಿಲ್ಲ.

ಕಾಟ ಕೊಡುವವರು

ಎಲೆಯ ಮೇಲೆ ಮೊದಲು ಮಾಸಲು ಗೆರೆ, ಆಮೇಲೆ ಕಂದು ಬೊಕ್ಕೆಯ ಹಾಗೆ ಒಣಗಿದ ತೇಪೆ. ರೋಗ ಅಂದುಕೊಂಡು ಔಷಧಿ ಹುಡುಕುತ್ತಾರೆ. ಎಲೆ ಕಿತ್ತು ಸೂರ್ಯನಿಗೆ ಅಡ್ಡ ಹಿಡಿಯಿರಿ. ಎರಡು ಪದರಗಳ ನಡುವೆ ಸಣ್ಣ ಹುಳು ಹರಿದಾಡುವುದು ಕಾಣುತ್ತದೆ. ಇದು ಲೀಫ್ ಮೈನರ್, ಒಂದು ನೊಣದ ಮರಿ. ಒಳಗಿರುವುದರಿಂದ ಮೇಲೆ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ವಾರಕ್ಕೆರಡು ಸಲ ಎಲೆ ಮಗುಚಿ ನೋಡಿ. ಅಕ್ಕಪಕ್ಕ ಸಾಲಾಗಿ ಜೋಡಿಸಿಟ್ಟ ಪುಟ್ಟ ಬಿಳಿ ಮೊಟ್ಟೆಗಳಿದ್ದರೆ ಹೆಬ್ಬೆರಳಿಂದ ಒರೆಸಿ ಹಾಕಿ. ತೇಪೆ ಬಿದ್ದ ಎಲೆಯನ್ನು ಕಿತ್ತು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಇಲ್ಲಿ ಎಲ್ಲೆಂದರಲ್ಲಿ ಕಳೆಯಾಗಿ ಏಳುವ ಚಕ್ಕೋತ ಸೊಪ್ಪಿನಲ್ಲೂ ಇದು ವಾಸ ಮಾಡುತ್ತದೆ, ಮಡಿಯ ಸುತ್ತ ಅದನ್ನು ಬಿಡಬೇಡಿ.

ಎಳೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಾದರೆ ಅದು ಜಿಗಿಯುವ ಫ್ಲೀ ಬೀಟಲ್. ಎರಡಕ್ಕೂ ಮದ್ದು ಒಂದೇ: ಬಿತ್ತಿದ ದಿನವೇ ರೋ ಕವರ್ ಎಂಬ ತೆಳು ಬಿಳಿ ಬಟ್ಟೆಯನ್ನು ಕಮಾನಿನ ಮೇಲೆ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂಳುವುದು. ಹೂ, ಪರಾಗ ಎಂಬ ಚಿಂತೆ ಬೀಟ್‌ರೂಟ್‌ಗೆ ಇಲ್ಲ, ಹಾಗಾಗಿ ಎಷ್ಟು ದಿನ ಮುಚ್ಚಿದರೂ ತೊಂದರೆಯಿಲ್ಲ. ಎರಡು ಮೂರು ಡಿಗ್ರಿ ಚಳಿಯನ್ನೂ ತಡೆಯುತ್ತದೆ.

ಇನ್ನು ಕ್ಯಾಲ್ಗರಿಯ ಕಾಡುಮೊಲ. ಬೀದಿಯಲ್ಲೇ ಓಡಾಡಿಕೊಂಡಿರುವ ಈ ದೊಡ್ಡ ಮೊಲಗಳು ಒಂದು ಬೆಳಗಿನ ಜಾವ ಸಾಲನ್ನೇ ಬೋಳು ಮಾಡುತ್ತವೆ. ಮೂರಡಿ ಎತ್ತರದ ಕೋಳಿಬಲೆ ಕಟ್ಟಿ. ಆಲಿಕಲ್ಲಿಗೆ ಬೇರೆಯದೇ ಬಲೆ ಬೇಕು. 2020ರ ಜೂನ್ 13ರಂದು ಈಶಾನ್ಯ ಕ್ಯಾಲ್ಗರಿಯ ಮನೆಗಳ ಗೋಡೆಯ ಹೊದಿಕೆಯೇ ಚಿಂದಿಯಾಗಿತ್ತು, ಸೊಪ್ಪು ಯಾವ ಲೆಕ್ಕ? ಎಲೆ ಹರಿದುಹೋದರೂ ಗಿಡ ಕೀಳಬೇಡಿ. ನಡುವಿನ ಸುಳಿ ಉಳಿದಿದ್ದರೆ ಹತ್ತು ಹದಿನೈದು ದಿನದಲ್ಲಿ ಹೊಸ ಎಲೆ ಬರುತ್ತದೆ.

ಕೀಳುವುದು, ಇಡುವುದು

ಗಡ್ಡೆಯ ಹೆಗಲು ಮಣ್ಣಿನ ಮೇಲೆ ಕಾಣುತ್ತದೆ, ಅಳೆಯಲು ಅಗೆಯಬೇಕಿಲ್ಲ. ಐದರಿಂದ ಏಳು ಸೆಂಟಿಮೀಟರ್ ಅಗಲ ಆದರೆ ಕಿತ್ತುಬಿಡಿ. ಇನ್ನೂ ದೊಡ್ಡದಾಗಲಿ ಎಂದು ಕಾದರೆ ತೂಕ ಸಿಗುತ್ತದೆ, ರುಚಿ ಹೋಗುತ್ತದೆ. ಒಂದು ಬಿಟ್ಟು ಒಂದು ಕೀಳುತ್ತಾ ಹೋದರೆ ಉಳಿದವಕ್ಕೆ ಜಾಗ ಸಿಗುತ್ತದೆ. ಬೆಳೆಯುವಾಗ ಸೊಪ್ಪು ಬೇಕಾದರೆ ಒಂದು ಗಿಡದಿಂದ ಎರಡು ಹೊರ ಎಲೆಗಿಂತ ಜಾಸ್ತಿ ಮುರಿಯಬೇಡಿ.

ಚಳಿಗಾಲಕ್ಕೆ ಇಡುವ ಸಾಲನ್ನು ಒಂದೆರಡು ಹಗುರ ಫ್ರಾಸ್ಟ್ ಬೀಳುವವರೆಗೆ ಬಿಡಿ, ಸಿಹಿ ಏರುತ್ತದೆ. ಮೈನಸ್ 4, 5ರ ಮುನ್ಸೂಚನೆ ಬಂದರೆ ಮಾತ್ರ ಅಂದೇ ಕೀಳಬೇಕು. ಮಣ್ಣಿನಿಂದ ಹೊರಗಿರುವ ಹೆಗಲು ಹೆಪ್ಪುಗಟ್ಟಿದರೆ ಆಮೇಲೆ ಅಲ್ಲಿಂದಲೇ ಕೊಳೆಯುತ್ತದೆ. ನೆಲದಲ್ಲೇ ಬಿಟ್ಟು ಬೇಕಾದಾಗ ಅಗೆದುಕೊಳ್ಳುವ ಉಪಾಯ ಇಲ್ಲಿ ನಡೆಯುವುದಿಲ್ಲ. ನಡುಚಳಿಗಾಲದಲ್ಲಿ ಚಿನೂಕ್ ಎಂಬ ಬೆಚ್ಚನೆ ಒಣಗಾಳಿ ಬೀಸಿ ಹಿಮ ಕರಗುತ್ತದೆ, ಮರುದಿನ ಮತ್ತೆ ಮೈನಸ್ 20.

ಕವಲುಗೋಲಿನಿಂದ ಬುಡ ಸಡಿಲಿಸಿ ಎತ್ತಿ. ಸೊಪ್ಪನ್ನು ಮೂರು ಸೆಂಟಿಮೀಟರ್ ಕಾಂಡ ಬಿಟ್ಟು ತಿರುಚಿ ಮುರಿಯಿರಿ. ಬಾಲದ ಬೇರು ಹಾಗೇ ಇರಲಿ, ಕತ್ತರಿಸಿದರೆ ಬಣ್ಣವೆಲ್ಲ ಸೋರಿಹೋಗುತ್ತದೆ. ತೊಳೆಯಬೇಡಿ, ಮಣ್ಣು ಉದುರಿಸಿ ಸಾಕು. ಗಾಯವಾದದ್ದನ್ನು ಬೇರೆ ಇಟ್ಟು ಮೊದಲು ತಿನ್ನಿ.

0ರಿಂದ 4 ಡಿಗ್ರಿ, ತೇವ ಜಾಸ್ತಿ: ಗಡ್ಡೆಗೆ ಬೇಕಾದ ಜಾಗ ಇದು. ಇಲ್ಲಿನ ಬೇಸ್‌ಮೆಂಟ್ ಬೆಚ್ಚಗೆ, ಗ್ಯಾರೇಜ್ ಜನವರಿಯಲ್ಲಿ ಹೆಪ್ಪುಗಟ್ಟುತ್ತದೆ. ಬೇಸ್‌ಮೆಂಟಿನ ಉತ್ತರ ಗೋಡೆಗೆ ತಾಗಿದ, ಹೀಟರ್ ಇಲ್ಲದ ಮೂಲೆ ಇದ್ದರೆ ಅಲ್ಲಿ ಪೆಟ್ಟಿಗೆ ಇಡಿ. ತಳಕ್ಕೆ ನಸು ಒದ್ದೆ ಮರಳು, ಮೇಲೆ ಒಂದಕ್ಕೊಂದು ತಾಗದಂತೆ ಗಡ್ಡೆ, ಮತ್ತೆ ಮರಳು. ಥರ್ಮಾಮೀಟರ್ ಒಂದನ್ನು ಪಕ್ಕದಲ್ಲೇ ಇಡಿ. ನಾಲ್ಕು ತಿಂಗಳು ಬರುತ್ತದೆ. ಅಂಥ ಮೂಲೆ ಇಲ್ಲದವರು ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್‌ನ ತರಕಾರಿ ಡಬ್ಬಿಗೆ. ಎರಡು ಮೂರು ತಿಂಗಳು ಖಾತ್ರಿ. ಫ್ರೀಜರಿಗೆ ಹಾಕುವುದಾದರೆ ಇಡಿಯಾಗಿ ಬೇಯಿಸಿ, ಸಿಪ್ಪೆ ಜಾರಿಸಿ, ಹೆಚ್ಚಿ ಹಾಕಿ. ಹಸಿಯಾಗಿ ಹಾಕಿದರೆ ಕರಗಿದ ಮೇಲೆ ಬೆಂಡು.

ಖಾಲಿಯಾದ ಮಡಿಯಲ್ಲಿ ಎಲೆಚೂರು ಬಿಡಬೇಡಿ. ಲೀಫ್ ಮೈನರ್ ಮಣ್ಣಿನಲ್ಲೇ ಚಳಿಗಾಲ ಕಳೆಯುವುದರಿಂದ ಮುಂದಿನ ಮೂರು ವರ್ಷ ಅಲ್ಲಿ ಬೀಟ್‌ರೂಟ್, ಪಾಲಕ್ ಎರಡೂ ಬೇಡ. ಅದೇ ಜಾಗಕ್ಕೆ ಅಕ್ಟೋಬರ್ ಮೊದಲ ವಾರ ಬೆಳ್ಳುಳ್ಳಿ ಎಸಳು ಊರಿ. ಮಣ್ಣು ಹೇಗೂ ಸಡಿಲಾಗಿದೆ, ಬೇಸಿಗೆಯಲ್ಲಿ ಹಾಕಿದ್ದ ಒಣಹುಲ್ಲೂ ಅಲ್ಲೇ ಇದೆ, ಅದನ್ನೇ ಮೇಲೆ ಮುಚ್ಚಿ.